ಹೆದೆ ಬಿಚ್ಚದೆ ಅಳೆದ ಬಿಲ್ಲು

ಸುಬ್ರಹ್ಮಣ್ಯಪುರ
3 ಡಿಸೆಂಬರ್ 2024

ಯುವರಾಜ್ ಸರ್ ಅವರಿಗೆ,

ನಮಸ್ಕಾರ. ಭಾನುವಾರದಿಂದ ನಿಮ್ಮ ಫೋನು ಬರುತ್ತಲೇ ಇದೆ. ನಾನು ತೆಗೆಯುವುದಿಲ್ಲ. ಮಾತಾಡಿದರೆ ಅತ್ತುಬಿಡುತ್ತೇನೆ, ಇಲ್ಲವೇ ಬೈದುಬಿಡುತ್ತೇನೆ. ಎರಡೂ ನನಗೆ ಬೇಡ. ಹೇಳುವುದೇನಾದರೂ ಇದ್ದರೆ ಬರೆಯಿರಿ. ಟ್ಯೂಷನ್ ಮಕ್ಕಳು ಎದ್ದುಹೋದ ಮೇಲೆ ಅದೇ ಬೆಂಚಿನ ಮೇಲೆ ಕುಳಿತು ನಾನೂ ಬರೆಯುತ್ತಿದ್ದೇನೆ.

ಸಿಂಚನ ಇನ್ನು ನಿಮ್ಮ ಬಿಲ್ಲುಗಾರಿಕೆ ಕ್ಲಾಸಿಗೆ ಬರುವುದಿಲ್ಲ. ಅವಳಪ್ಪ ಹೋದ ಮೇಲೆ ಆ ಹುಡುಗಿ ತಾನಾಗಿಯೇ ಎದ್ದು ತಲೆ ಬಾಚಿಕೊಂಡು ಹೊರಡುತ್ತಿದ್ದುದು ಭಾನುವಾರ ಒಂದೇ ದಿನ. ಅದೂ ಈಗ ನಿಂತಿತು.

ಹಳೆಯ ಬಿಲ್ಲುಗಳ ಪ್ರದರ್ಶನಕ್ಕೆ ದೀಪಕ್ ಅವರ ಬಿಲ್ಲನ್ನು ತರಲು ಹೇಳಿದವರು ನೀವೇ. ಅವಳು ಎರಡು ಸಂಜೆ ಕೂತು ಅದರ ಮುಂದಿಡುವ ಚೀಟಿ ಬರೆದಳು. 'ಮಾಡೆಲ್: ಮೆರಿಡಿಯನ್ ಟೂರ್ನಮೆಂಟ್. ನನ್ನ ತಂದೆ ದೀಪಕ್ ಅವರು ರಾಜ್ಯ ಪಂದ್ಯದಲ್ಲಿ ಈ ಬಿಲ್ಲಿನಿಂದಲೇ ತೊಂಬತ್ತು ಮೀಟರ್ ದೂರಕ್ಕೆ ಹೊಡೆದು ಕಂಚು ಗೆದ್ದಿದ್ದರು.' ಜಯನಗರದ ಆ ಹಾಲ್‌ನಲ್ಲಿ, ಅಷ್ಟು ಜನರೆದುರು, ನೀವು ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಟೇಪು ಹಿಡಿದು ಆ ಬಿಲ್ಲನ್ನು ಅಳೆದಿರಿ. "ಸಾರಿ ಮಗಳೇ, ಇದು ಟೂರ್ನಮೆಂಟ್ ಅಲ್ಲ, ಕೆಡೆಟ್. ಸ್ಕೂಲ್ ಮಕ್ಳ ಬಿಲ್ಲು. ಇದ್ರಲ್ಲಿ ತೊಂಬತ್ತು ಮೀಟರ್ ಮುಟ್ಬೇಕು ಅಂದ್ರೆ ಬಾಣ ಆಟೋ ಹತ್ಕೊಂಡು ಹೋಗ್ಬೇಕು" ಎಂದಿರಿ. ಎಲ್ಲರೂ ನಕ್ಕರು. ಸಾಲದೆಂದು, "ಅಪ್ಪಂದಿರು ಮಕ್ಳಿಗೆ ಕಥೆ ಹೇಳೋದು ಇದ್ದಿದ್ದೇ ಬಿಡಿ" ಎಂದೂ ಸೇರಿಸಿದಿರಿ. ಸಿಂಚನ ತನ್ನ ಚೀಟಿಯನ್ನು ಮಗುಚಿ ಇಟ್ಟಳು. ನೀವದನ್ನು ನೋಡಲಿಲ್ಲ, ಆಗಲೇ ಮುಂದಿನ ಬಿಲ್ಲಿಗೆ ಹೋಗಿದ್ದಿರಿ.

ಆಟೋದಲ್ಲಿ ಬರುವಾಗ ಕೇಳಿದಳು: "ಅಮ್ಮ, ಅಪ್ಪ ಇನ್ನೇನೇನು ಸುಳ್ಳು ಹೇಳಿದ್ರು?"

ಸುಳ್ಳಲ್ಲ ಎಂದು ತೋರಿಸಲು ನನ್ನ ಬಳಿ ಏನಿದೆ? ಹಳೇ ಮನೆ ಕೆಡವಿ ಬಿಲ್ಡಿಂಗ್ ಕಟ್ಟುವಾಗ ಪದಕ, ಸರ್ಟಿಫಿಕೇಟು ಎಲ್ಲ ಎಲ್ಲೋ ಹೋದವು. ಉಳಿದದ್ದು ಆ ಬಿಲ್ಲು, ಮತ್ತು ಅವರು ಆಡಿದ ಮಾತು. ನಿಮ್ಮನ್ನು ಒಂದೇ ಕೇಳುತ್ತೇನೆ. ನಿಮಗೆ ಖಚಿತವೇ?

ಇತಿ,
ಸೌಮ್ಯ


ಪದ್ಮನಾಭನಗರ
9 ಡಿಸೆಂಬರ್ 2024

ಸೌಮ್ಯ ಮೇಡಂ ಅವರಿಗೆ,

ನಮಸ್ಕಾರಗಳು. ನಿಮ್ಮ ಪತ್ರ ಓದಿ ಬೇಸರವಾಯಿತು. ತಮಾಷೆಯ ಮಾತು ಸ್ವಲ್ಪ ಹೆಚ್ಚಾಗಿದ್ದರೆ ಕ್ಷಮಿಸಿ, ಸಭೆಯಲ್ಲಿ ಜನ ತೂಕಡಿಸಬಾರದೆಂದು ಹಾಗೆ ಮಾತಾಡುತ್ತೇನೆ. ಆದರೆ ನೀವು ವಿಷಯ ಕೇಳಿದ್ದರಿಂದ ವಿಷಯವನ್ನೇ ಹೇಳುತ್ತೇನೆ.

ಕಾರ್ಖಾನೆಯ ತಂಡಕ್ಕೆ ಆಡುತ್ತಿದ್ದ ಕಾಲದಿಂದ ನಾನು ಹಳೆಯ ಬಿಲ್ಲುಗಳನ್ನು ನೋಡುತ್ತ ಬಂದವನು. ಎಲ್ಲೆಲ್ಲಿಂದಲೋ ಜನ ನನಗೆ ಫೋಟೋ ಕಳಿಸಿ, ಇದು ಯಾವ ಮಾಡೆಲ್ ಸಾರ್ ಎಂದು ಕೇಳುತ್ತಾರೆ. ಮೆರಿಡಿಯನ್ ಕಂಪನಿಯ ಟೂರ್ನಮೆಂಟ್ ಮತ್ತು ಕೆಡೆಟ್ ದೂರದಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ನಿಜ. ಟೂರ್ನಮೆಂಟ್‌ನ ಹಿಡಿಯ ಮರ ಕಡುಗೆಂಪು, ಕೆಡೆಟ್‌ನದು ತಿಳಿ ಬಣ್ಣ. ಟೂರ್ನಮೆಂಟ್‌ನ ಹಿಡಿಯಲ್ಲಿ, ಅಲುಗಾಟ ತಡೆಯುವ ಉದ್ದನೆ ಕಡ್ಡಿಯನ್ನು ತಿರುಗಿಸಿ ಕೂರಿಸಲು ಒಂದು ಹಿತ್ತಾಳೆಯ ತಿರುಪು ಗುಳಿ ಇರುತ್ತದೆ, ಕೆಡೆಟ್‌ನಲ್ಲಿ ಇರುವುದಿಲ್ಲ. ಟೂರ್ನಮೆಂಟ್ ಅರವತ್ತಾರು ಇಂಚು, ಕೆಡೆಟ್ ಅರವತ್ತೆರಡು. ನಿಮ್ಮ ಬಿಲ್ಲಿನ ಮರ ತಿಳಿ, ಗುಳಿ ಇಲ್ಲ, ಟೇಪು ತೋರಿಸಿದ್ದು ಅರವತ್ತೆರಡು. ಬಿಲ್ಲಿನ ಕೆಳಗಿನ ತೋಳಿನ, ಅಂದರೆ ಹಿಡಿಯ ಕೆಳಗೆ ಬಾಗುವ ಭಾಗದ ಮೇಲೆ ಕಂಪನಿಯವರು ಕೈಯಲ್ಲಿ ಬರೆಯುವ ಅಂಕಿಗಳು ಪೂರ್ತಿ ಅಳಿಸಿಹೋಗಿವೆ, ಅವು ಇದ್ದಿದ್ದರೂ ಇದನ್ನೇ ಹೇಳುತ್ತಿದ್ದವು.

ದೀಪಕ್ ಅವರ ಬಗ್ಗೆ ನನಗೆ ಗೌರವವಿದೆ. ಬಿಲ್ಲಿಗೆ ಮಾತ್ರ ದಾಕ್ಷಿಣ್ಯವಿಲ್ಲ ನೋಡಿ, ಇರುವುದನ್ನು ಹೇಳುತ್ತದೆ. ಸಿಂಚನಗೆ ತಿಳಿಹೇಳಿ ಕ್ಲಾಸಿಗೆ ಕಳಿಸಿ. ಒಳ್ಳೆಯ ಕೈ ಅವಳದು.

ವಂದನೆಗಳೊಂದಿಗೆ,
ಯುವರಾಜ್ ಎಚ್.


ಪದ್ಮನಾಭನಗರ
27 ಜನವರಿ 2025

ಸೌಮ್ಯ ಅವರಿಗೆ,

ಈ ಪತ್ರವನ್ನು ಹೇಗೆ ಆರಂಭಿಸಲಿ ಎಂದು ತಿಳಿಯದೆ ಬೆಳಿಗ್ಗೆಯಿಂದ ಹಾಳೆ ಹರಿಯುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ. ನಾನು ತಪ್ಪು ಹೇಳಿದೆ.

ನಿನ್ನೆ ಕತ್ರಿಗುಪ್ಪೆಯಿಂದ ಚಿದಾನಂದ್ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ ತಮ್ಮ ಅಣ್ಣನ ಅಟ್ಟದಲ್ಲಿದ್ದ ಬಿಲ್ಲೊಂದನ್ನು ನಮ್ಮ ಮನೆಗೆ ತಂದರು. ಲೇಬಲ್ ಹಾಗೇ ಇತ್ತು, ಮೆರಿಡಿಯನ್ ಟೂರ್ನಮೆಂಟ್ ಎಂದು. ಕೈಬರಹದ ಅರವತ್ತಾರೂ ಇತ್ತು. ಆದರೆ ಮರ ತಿಳಿ, ಹಿತ್ತಾಳೆಯ ಗುಳಿ ಇಲ್ಲ. ಥೇಟು ನಿಮ್ಮ ಮನೆಯ ಬಿಲ್ಲು. ಆಮೇಲೆ ಹಳೆಯ ಕ್ಯಾಟಲಾಗುಗಳ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ. ಮೊದಲ ಒಂದೆರಡು ವರ್ಷ ಬಂದ ಟೂರ್ನಮೆಂಟ್‌ಗಳು ಹಾಗೆಯೇ ಇದ್ದವು. ಗುಳಿ, ಕೆಂಪು ಮರ ಎಲ್ಲ ಆಮೇಲೆ ಬಂದವು. ನನಗೆ ಗೊತ್ತಿದ್ದದ್ದು ಆಮೇಲಿನವು ಮಾತ್ರ.

ಇದು ಅಜ್ಞಾನ, ಯಾರಿಗಾದರೂ ಇರುತ್ತದೆ. ನಾಚಿಕೆಯ ವಿಷಯ ಅಳತೆಯದು. ಹೆದೆ ಏರಿಸಿದ ಬಿಲ್ಲು ಬಾಗಿ ಗಿಡ್ಡವಾಗಿರುತ್ತದೆ. ಅದನ್ನು ತುದಿಯಿಂದ ತುದಿಗೆ ಅಳೆಯಬಾರದು. ಹೆದೆ ಬಿಚ್ಚಿ, ಬಿಲ್ಲಿನ ಬೆನ್ನಿನ ಉದ್ದಕ್ಕೂ ಟೇಪನ್ನು ಮಲಗಿಸಿ ಅಳೆಯಬೇಕು. ಮೊದಲ ದಿನ ಬಂದ ಮಕ್ಕಳಿಗೆ ನಾನು ಹೇಳಿಕೊಡುವ ಪಾಠವಿದು. ಅವತ್ತು ಮೈಕು ಕೈಯಲ್ಲಿತ್ತು, ಜನ ನೋಡುತ್ತಿದ್ದರು, ಹೆದೆ ಬಿಚ್ಚುವಷ್ಟು ವ್ಯವಧಾನ ನನಗೆ ಇರಲಿಲ್ಲ. ಚಿದಾನಂದರ ಬಿಲ್ಲಿಗೆ ಹೆದೆ ಏರಿಸಿ ಅದೇ ರೀತಿ ಅಳೆದು ನೋಡಿದೆ. ಅರವತ್ತೆರಡೇ ಬಂತು. ನಾನು ಹಾಗೇ ಕುರ್ಚಿಗೆ ಒರಗಿದೆ. "ಏನಾಯ್ತು ಸಾರ್, ಡೂಪ್ಲಿಕೇಟಾ?" ಎಂದು ಅವರು ಗಾಬರಿಯಾದರು.

ನಿಮ್ಮ ಬಿಲ್ಲನ್ನೂ ಒಮ್ಮೆ ಅಳೆದುಬಿಡಿ. ಬಲಗಾಲನ್ನು ಬಿಲ್ಲು ಮತ್ತು ಹೆದೆಯ ನಡುವೆ ಇಟ್ಟು, ಕೆಳತುದಿಯನ್ನು ಎಡಪಾದದ ಮೇಲೆ ಊರಿ, ಬಿಲ್ಲಿನ ಮೇಲಿನ ತೋಳನ್ನು ಮೆಲ್ಲಗೆ ಬಗ್ಗಿಸಿದರೆ ಹೆದೆಯ ಕುಣಿಕೆ ಕಳಚಿಕೊಳ್ಳುತ್ತದೆ. ಅರವತ್ತಾರು ಬಂದರೆ ದೀಪಕ್ ಹೇಳಿದ್ದೆಲ್ಲ ನಿಜ. ಸಿಂಚನಗೆ ನೀವೇ ಹೇಳಿ, ಅಥವಾ ಈ ಪತ್ರ ಕೊಡಿ.

ಇನ್ನೊಂದು ಕೋರಿಕೆ. ಸದ್ಯಕ್ಕೆ ಇದು ನಮ್ಮ ನಮ್ಮಲ್ಲೇ ಇರಲಿ. ಪ್ರದರ್ಶನ ನಡೆಸಿದ ನಮ್ಮ ಬಿಲ್ಲುಗಾರರ ಸಂಘದವರಿಗೆ ಸಮಯ ನೋಡಿ ನಾನೇ ತಿಳಿಸುತ್ತೇನೆ.

ನಿಮ್ಮ ವಿಶ್ವಾಸಿ,
ಯುವರಾಜ್


ಸುಬ್ರಹ್ಮಣ್ಯಪುರ
8 ಫೆಬ್ರವರಿ 2025

ಯುವರಾಜ್ ಅವರಿಗೆ,

ಅರವತ್ತಾರು ಬಂತು. ಮತ್ತೆ ಮತ್ತೆ ಅಳೆದೆ, ಅಷ್ಟೇ ಬಂತು.

ಈಗ ಉಳಿದದ್ದನ್ನೂ ಕೇಳಿ. ಸಿಂಚನ ಸ್ಕೂಲಿನಲ್ಲಿದ್ದಳು. ಅರವತ್ತೆರಡು ಬಂದುಬಿಟ್ಟರೆ ಅವಳ ಎದುರಿಗೆ ಬೇಡ ಎಂದು, ಅವಳಿಲ್ಲದಾಗ ನಮ್ಮತ್ತೆ ಅಂಜನಮ್ಮನವರನ್ನು ಕೂಗಿ, ಅವರು ಒಂದು ತುದಿ, ನಾನು ಒಂದು ತುದಿ ಹಿಡಿದು, ನೀವು ಬರೆದ ಹಾಗೇ ಹೆದೆ ಬಿಚ್ಚಿದೆವು. ಅಳತೆ ನೋಡಿ ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ನಮ್ಮತ್ತೆ ಮಗನ ಬಿಲ್ಲನ್ನು ಸೆರಗಿನಲ್ಲಿ ಒರೆಸಿದರು. ಆಮೇಲೆ, ಹುಡುಗಿ ಬರುವಷ್ಟರಲ್ಲಿ ಮೊದಲಿದ್ದ ಹಾಗೇ ಮಾಡಿ ಇಟ್ಟಿರೋಣ ಎಂದುಕೊಂಡೆವು. ಹೆದೆ ಬಿಚ್ಚುವುದನ್ನು ಬರೆದಿದ್ದಿರಿ, ಏರಿಸುವುದನ್ನು ಬರೆದಿರಲಿಲ್ಲ. ನೆಲದ ಮೇಲೆ ಬಿಲ್ಲು ಒಂದು ಕಡೆಗೆ ಬಾಗಿ ಮಲಗಿತ್ತು. "ಅದು ಯಾವ್ ಕಡೆ ಬಾಗಿದ್ಯೋ ಆ ಕಡೆಗೇ ಬಗ್ಸಮ್ಮ, ಅದ್ರ ಜೊತೆ ಯಾಕೆ ಹಟ" ಎಂದರು ಅತ್ತೆ. ನನಗೂ ಸರಿ ಅನ್ನಿಸಿತು. ಬಗ್ಗಿಸಿದೆವು. ಮೇಲಿನ ತೋಳು ಹಿಡಿಯ ಹತ್ತಿರವೇ ಸೀಳಿ ಮುರಿಯಿತು. ಆ ಶಬ್ದಕ್ಕೆ ನಮ್ಮ ಮಾವ, "ಏನಮ್ಮ ಅದು, ಕುಕ್ಕರ್ ಸಿಡೀತಾ?" ಎಂದು ಓಡಿಬಂದರು. ಹೆದೆ ಏರಿಸುವಾಗ ಬಿಲ್ಲನ್ನು ಬಾಗಿದ ಕಡೆಗಲ್ಲ, ಅದರ ವಿರುದ್ಧ ದಿಕ್ಕಿಗೆ ಬಗ್ಗಿಸಬೇಕು ಎಂದು ಸಂಜೆ ಸಿಂಚನ ಹೇಳಿದಳು. ಅವಳನ್ನೇ ಕೇಳಬಹುದಿತ್ತಲ್ಲ ಎಂದು ನನಗೆ ಆಗ ಹೊಳೆಯಿತು.

ಅವಳು ಅಳಲಿಲ್ಲ. ಸಿಬಿರುಗಳನ್ನು ಆರಿಸಿ ಪೇಪರಿನಲ್ಲಿ ಕಟ್ಟಿದಳು. ಅರವತ್ತಾರು ಕಣೇ, ಅಪ್ಪ ಸುಳ್ಳು ಹೇಳಿರಲಿಲ್ಲ ಎಂದೆ. "ಸರ್ ಅದನ್ನ ಎಲ್ರಿಗೂ ಹೇಳಿದ್ರಾ?" ಎಂದಳು.

ನಿಮ್ಮ ಪತ್ರವನ್ನು ಕೊಟ್ಟೆ. 'ನಮ್ಮ ನಮ್ಮಲ್ಲೇ ಇರಲಿ' ಎಂಬಲ್ಲಿಗೆ ಬಂದು ಮಡಚಿ ವಾಪಸು ಕೊಟ್ಟಳು.

ನಿಮ್ಮೊಬ್ಬರನ್ನೇ ದೂರುವುದಿಲ್ಲ. ಪ್ರದರ್ಶನದ ದಿನದಿಂದ ನಾನೂ ಒಳಗೊಳಗೆ ನನ್ನ ಗಂಡನನ್ನು ಅನುಮಾನಿಸಿದೆ. ಉತ್ತರಿಸಲು ಇಲ್ಲದವರನ್ನು ಅನುಮಾನಿಸಿದೆನಲ್ಲ ಎಂದು ಅವರ ಫೋಟೋದ ಮುಂದೆ ದೀಪ ಹಚ್ಚಲೂ ಮುಖವಿಲ್ಲ. ಆದರೆ ನೀವು ಹೇಳಿದ್ದು ನಾಲ್ಕು ಜನರ ಮುಂದೆ. ಅವತ್ತು ಯಾರೋ ತೆಗೆದ ವಿಡಿಯೋ ಇನ್ನೂ ನಿಮ್ಮ ಸಂಘದ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನಾಲ್ಕು ಜನರ ಮುಂದೆ ಕೆಡಿಸಿದ್ದನ್ನು ಅಂಚೆಯಲ್ಲಿ ಸರಿಮಾಡಲು ಆಗುವುದಿಲ್ಲ.

ಸೌಮ್ಯ


ಪದ್ಮನಾಭನಗರ
20 ಫೆಬ್ರವರಿ 2025

ಸೌಮ್ಯ ಅವರಿಗೆ,

ಬಿಲ್ಲು ಮುರಿದ ಸುದ್ದಿ ಓದಿದಾಗ ನನಗೆ ಏನನ್ನಿಸಿತು ಎಂದು ಬರೆಯದೆ ಹೋದರೆ ಈ ಪತ್ರವೂ ಸುಳ್ಳಾಗುತ್ತದೆ. ಮೊದಲು ಬಂದದ್ದು ದುಃಖವಲ್ಲ. ಸದ್ಯ, ಇನ್ನು ಯಾರೂ ಅದನ್ನು ತಂದು ನನ್ನೆದುರು ಅಳೆದು ತೋರಿಸಲಾರರು ಎನ್ನುವ ನಿರಾಳ. ಒಂದು ಗಳಿಗೆಯಷ್ಟೇ ಇತ್ತು, ಆದರೆ ಇತ್ತು. ಹೆಂಡತಿ ಕಲ್ಯಾಣಿ ಎದುರಿಗೆ ಕೂತು ಅವರೆಕಾಳು ಸುಲಿಯುತ್ತಿದ್ದಳು. "ಯಾಕ್ರೀ ಮುಖ ಹಂಗಾಯ್ತು?" ಎಂದಳು. ಅವಳಿಗೆ ಹೇಳಲಾಗಲಿಲ್ಲ, ನಿಮಗೆ ಬರೆಯುತ್ತಿದ್ದೇನೆ.

ಮೊನ್ನೆ ಭಾನುವಾರ ಸಂಘದ ಸಭೆ ಇತ್ತು. ಹೇಳಲೇಬೇಕೆಂದು ಹೋದೆ. ವಡೆ ತಿಂದೆ, ಕಾಫಿ ಕುಡಿದೆ, ಇನ್ನಿಬ್ಬರ ಬಿಲ್ಲು ನೋಡಿ ಮಾಡೆಲ್ ಹೇಳಿದೆ, ಮನೆಗೆ ಬಂದೆ. "ಸಾರ್ ಹೇಳಿದ್ಮೇಲೆ ಮುಗೀತು" ಎಂದು ಯಾರೋ ಅಂದರು. ಆ ಮಾತಿಗೆ ಎಷ್ಟು ವರ್ಷದಿಂದ ಹಸಿದಿದ್ದೇನೆಂದರೆ, ಅದು ಕೈಬಿಟ್ಟು ಹೋಗುತ್ತದೆಂದು ಬಾಯಿ ಬರಲಿಲ್ಲ.

ಇನ್ನೂ ಒಂದಿದೆ, ಇದು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮಪ್ಪ ಹನುಮಯ್ಯ ನಿಮ್ಮ ಮಾವ ಗಂಗಾಧರಯ್ಯನವರ ಹೊಲದಲ್ಲಿ ದುಡಿದವರು. ಸುಬ್ರಹ್ಮಣ್ಯಪುರ ಇನ್ನೂ ಹಳ್ಳಿಯಾಗಿದ್ದಾಗ, ಅಲ್ಲಿನ ಕೆರೆಯ ಪಕ್ಕ ದೀಪಕ್, ವಿದೇಶದಿಂದ ಹಡಗಿನಲ್ಲಿ ಬಂದ ಬಿಲ್ಲು ಹಿಡಿದು ಅಭ್ಯಾಸ ಮಾಡುವುದನ್ನು ನಾವು ಕಾಲೋನಿಯ ಹುಡುಗರು ದೂರದಿಂದ ನೋಡುತ್ತಿದ್ದೆವು. ಹತ್ತಿರ ಹೋಗುವಂತಿರಲಿಲ್ಲ. ನಾನು ಬಿದಿರಿನ ಬಿಲ್ಲಿನಲ್ಲಿ ಕಲಿತು, ಕಾರ್ಖಾನೆ ಸೇರಿ, ನನ್ನದೇ ಕೈಯಿಂದ ಮೇಲೆ ಬಂದವನು. ಅವತ್ತು ಟೇಪು ಅರವತ್ತೆರಡು ತೋರಿಸಿದಾಗ ನನಗೆ ಖುಷಿಯಾಯಿತು ಸೌಮ್ಯ ಅವರೇ. ದೊಡ್ಡ ಮನೆಯವರ ಬಿಲ್ಲು ಕಡೆಗೂ ಸ್ಕೂಲ್ ಮಕ್ಕಳದ್ದು ಎಂಬ ಖುಷಿ. ಆ ಖುಷಿಗೆ ಹೆದೆ ಬಿಚ್ಚಿ ನೋಡುವುದು ಬೇಕಿರಲಿಲ್ಲ. ಎದುರಿಗೆ ನಿಂತಿದ್ದು ದೊಡ್ಡ ಮನೆಯಲ್ಲ, ಅಪ್ಪನಿಲ್ಲದ ಹುಡುಗಿ, ನನ್ನದೇ ಶಿಷ್ಯೆ. ಅದು ನನಗೆ ಕಾಣಲಿಲ್ಲ.

ಚಿದಾನಂದ್ ತಮ್ಮ ಬಿಲ್ಲನ್ನು ಕೊಡಲು ಒಪ್ಪಬಹುದು. ಸಿಂಚನಗೆ ಅದನ್ನು ಕೊಡಿಸಲೇ?

ತಲೆತಗ್ಗಿಸಿ,
ಯುವರಾಜ್


ಸುಬ್ರಹ್ಮಣ್ಯಪುರ
1 ಮಾರ್ಚ್ 2025

ಯುವರಾಜ್ ಅವರಿಗೆ,

ಚಿದಾನಂದ್ ಅವರ ಬಿಲ್ಲು ಬೇಡ. ಅದು ಅವರ ಅಣ್ಣನದು, ನಮಗೆ ಅದರಿಂದ ಏನಾಗಬೇಕು?

ನಿಮ್ಮ ಪತ್ರದ ಕೊನೆಯ ಭಾಗವನ್ನು ಎರಡು ಸಲ ಓದಿದೆ. ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಇಲ್ಲಿ ಯಾರನ್ನು ಯಾವ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು ಎಂದು ನನಗೆ ಗೊತ್ತು. ನೋಡಿಯೂ ಸುಮ್ಮನಿದ್ದೆ. ನಿಮ್ಮ ಸಿಟ್ಟು ಸುಳ್ಳೆಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ. ಸಿಟ್ಟು ನಮ್ಮ ಮಾವನ ಮೇಲಿದ್ದರೆ ಅವರಿಗೇ ಹೇಳಬಹುದಿತ್ತು. ಇನ್ನೂ ಗಟ್ಟಿಯಾಗಿದ್ದಾರೆ, ದಿನಾ ಬೆಳಿಗ್ಗೆ ಗೇಟಿನ ಬಳಿ ಕುಳಿತು ಪೇಪರ್ ಓದುತ್ತಾರೆ. ನೀವು ಬಂದು ಬೈದರೆ ನಾನು ತಡೆಯುವುದಿಲ್ಲ, ನಿಮಗೆ ಕುರ್ಚಿಯನ್ನೂ ಹಾಕಿಕೊಡುತ್ತೇನೆ.

ನನಗೆ ಬರೆಯುವುದು ಸುಲಭ, ಅದಕ್ಕೇ ನನಗೆ ಇಷ್ಟುದ್ದ ಬರೆಯುತ್ತೀರಿ. ಇನ್ನು ಬರೆಯಬೇಡಿ. ಮಾರ್ಚ್ ಹದಿನಾರರಂದು ನಿಮ್ಮ ಸಂಘದ ಸಭೆಯಿದೆಯಂತೆ, ಸಿಂಚನ ಎಲ್ಲೋ ನೋಡಿದ್ದಾಳೆ. ನಾವು ಬರುತ್ತೇವೆಂದು ಹೇಳುತ್ತಿಲ್ಲ. ನಾವು ಬಂದರಷ್ಟೇ ಹೇಳುವಂಥ ಮಾತೂ ಅಲ್ಲ ಅದು.

ಸೌಮ್ಯ


ಪದ್ಮನಾಭನಗರ
17 ಮಾರ್ಚ್ 2025

ಸೌಮ್ಯ ಅವರಿಗೆ,

ಬರೆಯಬೇಡಿ ಎಂದಿದ್ದಿರಿ. ಇದೊಂದು ಕೊನೆಯದು.

ನಿನ್ನೆ ಹೇಳಿದೆ. ಅದೇ ಹಾಲ್, ಹೆಚ್ಚುಕಡಿಮೆ ಅದೇ ಜನ. ಶುರುವಿನಲ್ಲೇ ಮೈಕು ಕೇಳಿ ತೆಗೆದುಕೊಂಡೆ, ತಡ ಮಾಡಿದರೆ ಮತ್ತೆ ವಡೆ ತಿಂದು ಬಂದುಬಿಡುತ್ತೇನೆಂದು ಭಯವಿತ್ತು. ಬರೆದುಕೊಂಡು ಹೋಗಿರಲಿಲ್ಲ. "ಡಿಸೆಂಬರ್‌ನಲ್ಲಿ ನಾನಿಲ್ಲಿ ಒಂದು ಬಿಲ್ಲನ್ನ ಕೆಡೆಟ್ ಅಂದೆ. ಅದು ಕೆಡೆಟ್ ಅಲ್ಲ. ಮೊದಲ ವರ್ಷಗಳ ಮೆರಿಡಿಯನ್ ಟೂರ್ನಮೆಂಟ್. ನಾನು ಹೆದೆ ಬಿಚ್ಚದೆ ಅಳೆದೆ. ಹೋದ ವಾರ ಸೇರಿದ ಮಗೂಗೂ ಗೊತ್ತಿರೋ ವಿಷ್ಯ ಅದು, ನಾನು ಮಾಡ್ಲಿಲ್ಲ. ಆ ಬಿಲ್ಲು ಸುಬ್ರಹ್ಮಣ್ಯಪುರದ ದೀಪಕ್ ಅವ್ರದ್ದು. ಆ ಬಿಲ್ಲಿನಲ್ಲಿ ತೊಂಬತ್ತು ಮೀಟರ್ ಆರಾಮಾಗಿ ಮುಟ್ಟುತ್ತೆ. ದೀಪಕ್ ಮಗಳಿಗೆ ಹೇಳಿದ್ದು ನಿಜ. ಸುಳ್ಳು ಹೇಳಿದೋನು ನಾನು" ಎಂದೆ.

ಆಮೇಲೆ ಆದದ್ದನ್ನೂ ಹೇಳಬೇಕು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. "ದೊಡ್ ಮನಸ್ಸು ಸಾರ್ ನಿಮ್ದು" ಎಂದು ಕೈ ಕುಲುಕಿದರು. ಒಬ್ಬರು ಸೆಲ್ಫಿ ತೆಗೆದುಕೊಂಡರು. ತಪ್ಪು ಮಾಡಿದವನು ನಾನು, ಮರ್ಯಾದೆಯೂ ನನಗೇ ಬಂತು. ದೀಪಕ್ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ. ಡಿಸೆಂಬರ್‌ನಲ್ಲಿ ನಕ್ಕವರಲ್ಲಿ ಒಬ್ಬರಿಗೂ ತಾವು ನಕ್ಕದ್ದು ನೆನಪಿದ್ದಂತಿರಲಿಲ್ಲ. ಆ ಚಪ್ಪಾಳೆಯನ್ನು ನಿಲ್ಲಿಸಬೇಕಿತ್ತು, ಮೈಕು ಕೈಯಲ್ಲೇ ಇತ್ತು. ನಿಲ್ಲಿಸಲಿಲ್ಲ. ನಿಂತು ಕೇಳಿಸಿಕೊಂಡೆ. ಇಂಥ ಮನುಷ್ಯ ನಾನು ಎಂದು ನಿಮಗೆ ಗೊತ್ತಿರಲಿ.

ನಿನ್ನೆ ಹೇಳಿದ್ದರ ವಿಡಿಯೋವನ್ನು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇನೆ. ನೀವಿಬ್ಬರೂ ಬರಬಹುದೆಂದು ಬಾಗಿಲ ಕಡೆಗೇ ನೋಡುತ್ತಿದ್ದೆ. ಬರದಿದ್ದದ್ದು ನಿಮ್ಮ ದೃಷ್ಟಿಯಲ್ಲಿ ಸರಿಯೇ.

ಯುವರಾಜ್


ಸುಬ್ರಹ್ಮಣ್ಯಪುರ
21 ಮಾರ್ಚ್ 2025

ಯುವರಾಜ್ ಸರ್,

ನಾನು ಸಿಂಚನ. ನೀವು ಅಮ್ಮನಿಗೆ ಬರೆದ ಪತ್ರ ಓದಿದೆ. ಅಮ್ಮನೇ ಕೊಟ್ಟರು.

ನಿಮಗೆ ಒಂದು ವಿಷಯ ಗೊತ್ತಿಲ್ಲ, ಅಮ್ಮನಿಗೂ ಹೇಳಿಲ್ಲ. ಡಿಸೆಂಬರ್‌ನಲ್ಲಿ ನೀವು ಹೆದೆ ಬಿಚ್ಚದೆ ಅಳೆಯುತ್ತಿದ್ದೀರಿ ಅಂತ ನನಗೆ ಅವತ್ತೇ ಕಾಣಿಸಿತು. ಮೊದಲ ದಿನದ ಪಾಠ ಅಲ್ವಾ ಸರ್. ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ, ಹೇಳಬಹುದಿತ್ತು. ಹೇಳಲಿಲ್ಲ. ಸರ್ ತಪ್ಪು ಮಾಡಲ್ಲ, ಏನೋ ಕಾರಣ ಇರುತ್ತೆ ಅಂದುಕೊಂಡೆ. ಅಪ್ಪನೇ ತಪ್ಪಿರಬಹುದು ಅಂತ ಅಷ್ಟು ಬೇಗ ಒಪ್ಪಿಕೊಂಡೆ. ಅಮ್ಮನನ್ನ ಆಟೋದಲ್ಲಿ ಕೇಳಿದ ಪ್ರಶ್ನೆ ಈಗ ಬಾಯಿಗೆ ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ನಿಮ್ಮ ಮೇಲೆ ಕೋಪ ಇದೆ, ಆದರೆ ನನ್ನ ಮೇಲೆ ಇರುವಷ್ಟು ಇಲ್ಲ.

ಕ್ಲಾಸಿಗೆ ಬರ್ತೀನೋ ಇಲ್ವೋ ಇನ್ನೂ ಗೊತ್ತಿಲ್ಲ. ಕೇಳಬೇಡಿ.

ಹದಿನಾರನೇ ತಾರೀಕು ನಾನು ಬಂದಿದ್ದೆ. ಅಮ್ಮನಿಗೆ ಫ್ರೆಂಡ್ ಮನೆ ಅಂತ ಹೇಳಿ ಬಸ್ಸಿನಲ್ಲಿ ಬಂದೆ. ನೀವು ಬಾಗಿಲು ನೋಡ್ತಾ ಇದ್ರಿ, ನಾನು ಕಾಫಿ ಇಟ್ಟಿದ್ದ ಟೇಬಲ್ ಹಿಂದೆ ಇದ್ದೆ. ಹಿಂದಿನಿಂದ ಮೊದಲು ಚಪ್ಪಾಳೆ ತಟ್ಟಿದ್ದು ನಾನು. ನಿಮಗಲ್ಲ ಸರ್. ನೀವು ಅಪ್ಪನ ಹೆಸರು ಹೇಳಿದ್ರಲ್ಲ, ಅದಕ್ಕೆ.

ಸಿಂಚನ ದೀಪಕ್